ಪೋಲಿಯೋ ವೈರಸ್‌ನ ಮೊದಲ 740 ಅಕ್ಷರಗಳು

ಎಡಗೈ ಕಿರುಬೆರಳಿಗೆ ಶಾಯಿ ಗುರುತು ಹಾಕಿಸಿಕೊಂಡು ಬರುವ ಪುಟ್ಟ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಪಲ್ಸ್ ಪೋಲಿಯೋ ಭಾನುವಾರದ ಗುರುತು ಅದು. ಶಾಲೆಯ ಜಗುಲಿಯಲ್ಲೋ ಬಸ್ ನಿಲ್ದಾಣದಲ್ಲೋ ಒಂದು ಮೇಜು, ಲಸಿಕೆಯ ತಂಪು ಡಬ್ಬಿ, ಬಾಯಿಗೆ ಎರಡು ಹನಿ. 1995ರಲ್ಲಿ ಶುರುವಾದ ಈ ಕೆಲಸ ಫಲ ಕೊಟ್ಟಿತು. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೋ ಇಲ್ಲದ ದೇಶ ಎಂಬ ಪ್ರಮಾಣಪತ್ರ ಸಿಕ್ಕಿತು.

ಆ ಹನಿಯಲ್ಲಿ ಇರುವುದು ಜೀವಂತ ಪೋಲಿಯೋ ವೈರಸ್. ಸೊರಗಿಸಿದ್ದು, ಆದರೆ ಜೀವಂತ. ಅದರದೇ ಒಂದು ಬಗೆಯನ್ನು ಸ್ವಲ್ಪ ತಿದ್ದಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಮಿದುಳಿನ ಕ್ಯಾನ್ಸರ್ ಗಡ್ಡೆಯೊಳಗೆ ಬಿಟ್ಟರು. ಮೊದಲ ಸಲ ಓದಿದಾಗ ನನಗೆ ಭಯವೇ ಆಯಿತು. ನರಗಳನ್ನು ಕೊಂದು ಕೈಕಾಲು ಸ್ವಾಧೀನ ತಪ್ಪಿಸುವ ವೈರಸ್ಸನ್ನು ಮಿದುಳಿಗೇ ಹಾಕೋದಾ? ಹಾಗೆ ಹಾಕುವ ಧೈರ್ಯ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಕತೆ ಕ್ಯಾನ್ಸರ್‌ನಿಂದ ಶುರುವಾಗುವುದೇ ಇಲ್ಲ. ಕೋಶದೊಳಗೆ ಪ್ರೋಟೀನ್ ಹೇಗೆ ತಯಾರಾಗುತ್ತದೆ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ.

ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಕ್ಯಾಶ್ ಕೌಂಟರ್‌ನಲ್ಲಿ ದುಡ್ಡು ಕೊಟ್ಟರೆ ಒಂದು ಚೀಟಿ ಸಿಗುತ್ತದೆ. ಆ ಚೀಟಿ ಅಡುಗೆ ಕಟ್ಟೆಗೆ ಹೋದರೆ ದೋಸೆ ಬರುತ್ತದೆ. ನಮ್ಮ ಕೋಶದಲ್ಲೂ ಹೀಗೆಯೇ. ಡಿಎನ್‌ಎ ಒಳಕೋಣೆಯಲ್ಲಿ ಭದ್ರವಾಗಿ ಇರುತ್ತದೆ. ಅದರಿಂದ ನಕಲು ಮಾಡಿದ ಚೀಟಿ ಹೊರಗೆ ಬರುತ್ತದೆ, ಅದೇ ಎಂಆರ್‌ಎನ್‌ಎ. ಅದನ್ನು ಓದಿ ಪ್ರೋಟೀನ್ ಕಟ್ಟುವ ಅಡುಗೆಯವರು ರೈಬೋಸೋಮ್‌ಗಳು. ಚೀಟಿಯ ತುದಿಯಲ್ಲಿ ಒಂದು ಮುದ್ರೆ ಇರಬೇಕು. ವಿಜ್ಞಾನಿಗಳು ಅದನ್ನು ಕ್ಯಾಪ್ ಎನ್ನುತ್ತಾರೆ. ಮುದ್ರೆ ನೋಡಿ ಚೀಟಿ ಹಿಡಿಯುವ ಪ್ರೋಟೀನಿನ ಹೆಸರು ಇಐಎಫ್-4ಇ. ಅದರ ಜೊತೆಗಾರ ಇಐಎಫ್-4ಜಿ ಚೀಟಿಯನ್ನು ರೈಬೋಸೋಮ್‌ಗೆ ತಲುಪಿಸುತ್ತದೆ.

ವೈರಸ್‌ಗೆ ಸ್ವಂತ ಅಡುಗೆಮನೆ ಇಲ್ಲ. ಒಂದೇ ಒಂದು ರೈಬೋಸೋಮೂ ಇಲ್ಲ. ಅದು ನಮ್ಮ ಅಡುಗೆಯವರಿಂದಲೇ ತನ್ನ ಅಡುಗೆ ಮಾಡಿಸಿಕೊಳ್ಳಬೇಕು. ಪೋಲಿಯೋ ವೈರಸ್ ಎಂದರೆ ಸುಮಾರು 7,440 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ ಮತ್ತು ಅದಕ್ಕೊಂದು ಪ್ರೋಟೀನ್ ಚಿಪ್ಪು, ಅಷ್ಟೇ. ವಿಚಿತ್ರ ಏನೆಂದರೆ ಆ ಎಳೆಯ ತುದಿಯಲ್ಲಿ ಮುದ್ರೆಯೇ ಇಲ್ಲ. ಮೊದಲ 740 ಅಕ್ಷರಗಳಲ್ಲಿ ಪ್ರೋಟೀನಿನ ಪಾಠವೂ ಇಲ್ಲ. ಅಂಕುಡೊಂಕಾಗಿ ಮಡಿಚಿಕೊಂಡು ಸುಮ್ನೆ ಬಿದ್ದಿರುವ ಹಾಗೆ ಕಾಣುವ ಒಂದು ಭಾಗ ಅದು. ಹಾಗಿದ್ದರೂ ವೈರಸ್‌ನ ಅಡುಗೆ ಭರ್ಜರಿಯಾಗಿ ನಡೆಯುತ್ತದೆ. ಹೇಗೆ?

ಕೆನಡಾದ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ನಾಹುಮ್ ಸೊನೆನ್‌ಬರ್ಗ್ ಎಂಬ ಅಣು ಜೀವವಿಜ್ಞಾನಿ ಇದ್ದಾರೆ. ಮುದ್ರೆ ಹಿಡಿಯುವ ಪ್ರೋಟೀನನ್ನು 1970ರ ದಶಕದ ಕೊನೆಯಲ್ಲಿ ಕಂಡುಹಿಡಿದವರಲ್ಲಿ ಅವರೂ ಒಬ್ಬರು. 1988ರಲ್ಲಿ ಅವರು ಮತ್ತು ಅವರ ವಿದ್ಯಾರ್ಥಿ ಜೆರ್ರಿ ಪೆಲ್ಟಿಯರ್ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಅಷ್ಟು ಸರಳ, ಅಷ್ಟು ಚುರುಕು. ಒಂದೇ ಎಂಆರ್‌ಎನ್‌ಎಯಲ್ಲಿ ಎರಡು ಪ್ರೋಟೀನುಗಳ ಪಾಠವನ್ನು ಸಾಲಾಗಿ ಇಟ್ಟರು. ನಮ್ಮ ಕೋಶದಲ್ಲಿ ರೈಬೋಸೋಮ್ ಮೊದಲನೆಯದನ್ನು ಓದಿ ಇಳಿದು ಹೋಗುತ್ತದೆ, ಎರಡನೆಯದು ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಎರಡರ ನಡುವೆ ಪೋಲಿಯೋ ವೈರಸ್‌ನ ಆ ‘ಸುಮ್ನೆ ಬಿದ್ದ’ ಭಾಗವನ್ನು ಸೇರಿಸಿದರು. ಎರಡನೆಯ ಪ್ರೋಟೀನೂ ತಯಾರಾಯಿತು! ಮುದ್ರೆಯಿಂದ ಓದುವ ದಾರಿಯನ್ನು ಕಟ್ಟಿಹಾಕಿದಾಗಲೂ ಅದು ನಿಲ್ಲಲಿಲ್ಲ. ಅಂದರೆ ರೈಬೋಸೋಮ್ ತುದಿಯಿಂದ ಬರದೆ ನಡುವೆಯೇ ನೇರವಾಗಿ ಹತ್ತಿಕೊಳ್ಳುವ ಜಾಗ ಅಲ್ಲಿದೆ. ಅಡುಗೆಮನೆಗೆ ಹಿತ್ತಲ ಬಾಗಿಲು ಇದ್ದಹಾಗೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಸ್ಟೋನಿಬ್ರೂಕ್‌ನಲ್ಲಿ ಎಕಾರ್ಡ್ ವಿಮ್ಮರ್ ಅವರ ತಂಡ ಪೋಲಿಯೋದ ಇನ್ನೊಂದು ದಾಯಾದಿ ವೈರಸ್‌ನಲ್ಲಿ ಇಂಥದ್ದೇ ಬಾಗಿಲನ್ನು ಕಂಡಿತು. ಆ ಜಾಗಕ್ಕೆ ಐರೆಸ್ ಎಂಬ ಹೆಸರು ನಿಂತಿತು.

ಹಿತ್ತಲ ಬಾಗಿಲು ತನಗೆ ಇದ್ದ ಮೇಲೆ ಪೋಲಿಯೋ ವೈರಸ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಚೀಟಿ ತಲುಪಿಸುವ ಇಐಎಫ್-4ಜಿಯನ್ನು ಕತ್ತರಿಸಿ ಹಾಕುತ್ತದೆ. ಮುಂದಿನ ಬಾಗಿಲು ಬಂದ್. ಕೆಲವೇ ಗಂಟೆಗಳಲ್ಲಿ ಕೋಶದ ಸ್ವಂತ ಅಡುಗೆ ನಿಂತು, ಒಲೆಯೆಲ್ಲ ವೈರಸ್‌ನ ಪಾಲಾಗುತ್ತದೆ.

ಈಗ ಹನಿಯ ವಿಷಯಕ್ಕೆ ಬರೋಣ. ಆಲ್ಬರ್ಟ್ ಸೇಬಿನ್ ಈ ಹನಿ ಲಸಿಕೆ ತಯಾರಿಸುವಾಗ ಐರೆಸ್ ಎಂಬ ಹೆಸರೇ ಹುಟ್ಟಿರಲಿಲ್ಲ. ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ, ನರಕ್ಕೆ ಹಾನಿ ಮಾಡದವನ್ನು ಅವರು ಆರಿಸಿಕೊಂಡರು. ಎಷ್ಟೋ ವರ್ಷದ ನಂತರ, ಲಸಿಕೆಗೆ ಆರಿಸಿದ ಮೂರು ಬಗೆಯ ಪೋಲಿಯೋ ವೈರಸ್‌ಗಳ ಅಕ್ಷರಗಳನ್ನು ಓದಿ ನೋಡಿದಾಗ, ಮೂರರಲ್ಲೂ ಐರೆಸ್ ಭಾಗದಲ್ಲಿ ಒಂದೊಂದು ಅಕ್ಷರ ಬದಲಾಗಿತ್ತು. ಬೇರೆ ಕಡೆಯೂ ಬದಲಾವಣೆಗಳು ಇದ್ದವು. ಆದರೆ ನರಕೋಶದಲ್ಲಿ ವೈರಸ್ ಸೋಲುವುದಕ್ಕೆ ಈ ಒಂದಕ್ಷರದ ಪಾಲು ದೊಡ್ಡದು. ಅಲ್ಲಿ ಅದರ ಅಡುಗೆ ಸರಿಯಾಗಿ ಬೇಯುವುದಿಲ್ಲ.

ಒಂದಕ್ಷರ ಮಾತ್ರ ಆದ್ದರಿಂದ ಅದು ಹಳೆಯ ರೂಪಕ್ಕೆ ತಿರುಗಿಬಿಡಬಹುದು. ಹಾಗಾದರೆ ಇಡೀ ಬಾಗಿಲನ್ನೇ ಬದಲಿಸಿದರೆ? ಈ ಯೋಚನೆ ಮಾಡಿದವರು ಮಥಿಯಾಸ್ ಗ್ರೊಮೆಯರ್. ಜರ್ಮನಿಯಲ್ಲಿ ಡಾಕ್ಟರ್ ಓದಿ, ವಿಮ್ಮರ್ ಅವರ ಪ್ರಯೋಗಾಲಯಕ್ಕೆ ಬಂದ ತರುಣ. ಪೋಲಿಯೋಗೆ ಒಂದು ಹತ್ತಿರದ ನೆಂಟ ಇದೆ, ನಮಗೆ ನೆಗಡಿ ತರುವ ರೈನೋವೈರಸ್. ಅದಕ್ಕೂ ಐರೆಸ್ ಇದೆ. ಆದರೆ ಅದು ಮೂಗು ಬಿಟ್ಟು ಬೆನ್ನುಹುರಿಗೆ ಹೋಗುವ ವೈರಸ್ ಅಲ್ಲ. ಗ್ರೊಮೆಯರ್ ಪೋಲಿಯೋದ ಐರೆಸ್ ತೆಗೆದು, ಆ ಜಾಗಕ್ಕೆ ನೆಗಡಿ ವೈರಸ್‌ನ ಐರೆಸ್ ಕೂರಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೋಲಿಯೋ ತಗುಲುವ ಹಾಗೆ ಜೀನ್ ತಿದ್ದಿದ ಇಲಿಗಳಿಗೂ, ಕೋತಿಗಳಿಗೂ ಈ ಹೊಸ ವೈರಸ್‌ನಿಂದ ಪೋಲಿಯೋ ಬರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಡಿಆರ್‌ಬಿಪಿ76 ಎಂಬ ಪ್ರೋಟೀನ್ ನರಕೋಶದಲ್ಲಿ ಈ ನೆಗಡಿ ಐರೆಸ್‌ಗೆ ಅಂಟಿಕೊಂಡು ರೈಬೋಸೋಮ್ ಹತ್ತದಂತೆ ತಡೆಯುತ್ತದೆ.

ಇಲ್ಲಿಂದ ಕ್ಯಾನ್ಸರ್‌ಗೆ ಹಾರಿದ್ದೇ ದೊಡ್ಡ ಹೆಜ್ಜೆ. ಪೋಲಿಯೋ ವೈರಸ್ ಕೋಶದೊಳಗೆ ನುಗ್ಗಲು ಹಿಡಿಯುವ ಕೊಂಡಿಯ ಹೆಸರು ಸಿಡಿ155. ಬಹಳಷ್ಟು ಕ್ಯಾನ್ಸರ್ ಗಡ್ಡೆಗಳ ಕೋಶಗಳ ಮೇಲೆ ಈ ಕೊಂಡಿ ಜಾಸ್ತಿ ಇರುತ್ತದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಉಗ್ರ ಕ್ಯಾನ್ಸರ್‌ನಲ್ಲೂ ಇದೆ. ಕ್ಯಾನ್ಸರ್ ಕೋಶ ಎಂದರೆ ಹಗಲೂ ರಾತ್ರಿ ಒಲೆ ಆರದ ಅಡುಗೆಮನೆ. ಬೆಳೆ, ಬೆಳೆ ಎಂದು ಪ್ರೋಟೀನ್ ತಯಾರಿಕೆಯನ್ನು ಓಡಿಸುವ ಸಂಕೇತಗಳು ಅಲ್ಲಿ ಸದಾ ಚಾಲೂ. ಆ ಸಂಕೇತಗಳೇ ನೆಗಡಿ ಐರೆಸ್‌ಗೂ ಕೆಲಸ ಮಾಡಿಕೊಡುತ್ತವೆ ಎಂದು ಗ್ರೊಮೆಯರ್ ತಂಡ ತೋರಿಸಿತು. ನರಕೋಶವೂ ಕ್ಯಾನ್ಸರ್ ಕೋಶವೂ ಪಕ್ಕಪಕ್ಕದಲ್ಲೇ ಇರಬಹುದು, ವೈರಸ್ ಎರಡಕ್ಕೂ ನುಗ್ಗಬಹುದು. ಬೇಯುವುದು ಒಂದರಲ್ಲಿ ಮಾತ್ರ.

ಈ ದಾರಿ ಹಿಡಿದ ಔಷಧ ಇದೊಂದೇ ಅಲ್ಲ. 2015ರಲ್ಲಿ ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಟಿ-ವೆಕ್, ತಿದ್ದಿದ ಹರ್ಪಿಸ್ ವೈರಸ್. ಸೋಂಕು ತಗುಲಿದ ಕೋಶ ಪ್ರೋಟೀನ್ ತಯಾರಿಕೆ ನಿಲ್ಲಿಸಿ ವೈರಸ್ಸನ್ನು ಉಪವಾಸ ಕೆಡವಲು ನೋಡುತ್ತದೆ. ಹಾಗೆ ನಿಲ್ಲಿಸಲು ಬಿಡದ ಒಂದು ಜೀನ್ ಹರ್ಪಿಸ್‌ನಲ್ಲಿದೆ. ಟಿ-ವೆಕ್‌ನಲ್ಲಿ ಅದನ್ನೇ ಕಿತ್ತುಹಾಕಿದ್ದಾರೆ, ಹಾಗಾಗಿ ಅದು ಆರೋಗ್ಯವಂತ ಕೋಶದಲ್ಲಿ ಸೋತು, ಒಲೆ ಆರದ ಕ್ಯಾನ್ಸರ್ ಕೋಶದಲ್ಲಿ ಬೆಳೆಯುತ್ತದೆ. 2021ರಲ್ಲಿ ಜಪಾನ್ ಮಿದುಳಿನ ಗಡ್ಡೆಗೆ ಷರತ್ತಿನ ಮೇಲೆ ಒಪ್ಪಿದ ವೈರಸ್‌ನಲ್ಲೂ ಅದೇ ಜೀನ್ ಇಲ್ಲ.

ಗ್ರೊಮೆಯರ್ ತಂಡ ಇಲಿಗಳಲ್ಲಿ ಗಡ್ಡೆ ಕರಗಿದ್ದನ್ನು 2000ದಲ್ಲಿ ವರದಿ ಮಾಡಿತ್ತು. ಡ್ಯೂಕ್‌ನಲ್ಲಿ ಮೊದಲ ರೋಗಿಗೆ ಕೊಟ್ಟಿದ್ದು 2012ರಲ್ಲಿ. ನಡುವಿನ ಹನ್ನೆರಡು ವರ್ಷದಲ್ಲಿ ಬಹುಪಾಲು ಹೋಗಿದ್ದು ಇದು ಅಪಾಯ ಅಲ್ಲ ಎಂದು ತೋರಿಸುವುದರಲ್ಲೇ. ಹೋಗಲೇಬೇಕಿತ್ತು. ಪೋಲಿಯೋ ವಿಷಯದಲ್ಲಿ ಅವಸರ ಮಾಡುವ ಹಕ್ಕು ಯಾರಿಗೂ ಇಲ್ಲ.

ಆ ಮೊದಲ ರೋಗಿ 20 ವರ್ಷದ ಕಾಲೇಜು ಹುಡುಗಿ. ಆಪರೇಷನ್, ರೇಡಿಯೇಷನ್, ಕೀಮೋ ಎಲ್ಲ ಆದ ಮೇಲೂ ಗ್ಲಿಯೋಬ್ಲಾಸ್ಟೋಮಾ ಮತ್ತೆ ಬಂದಿತ್ತು. ಹಾಗೆ ಮರಳಿದರೆ ಹೆಚ್ಚಿನವರಿಗೆ ಒಂದು ವರ್ಷವೂ ಉಳಿದಿರುವುದಿಲ್ಲ. ತಲೆಬುರುಡೆಗೆ ಸಣ್ಣ ತೂತು ಕೊರೆದು, ತೆಳ್ಳನೆಯ ನಳಿಕೆಯಿಂದ ಒಂದು ಟೀ ಚಮಚಕ್ಕೂ ಕಡಿಮೆ ದ್ರವವನ್ನು ಆರು ಗಂಟೆಗೂ ಹೆಚ್ಚು ಹೊತ್ತು ತೊಟ್ಟುತೊಟ್ಟಾಗಿ ಗಡ್ಡೆಗೆ ಬಿಡುತ್ತಾರೆ. ಅದಕ್ಕೆ ಮೊದಲು ಪೋಲಿಯೋ ಲಸಿಕೆಯ ಇನ್ನೊಂದು ಡೋಸ್. ವೈರಸ್ ದೇಹದ ಬೇರೆಡೆ ಹರಡದಿರಲಿ ಅಂತ.

2018ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ 61 ರೋಗಿಗಳ ವರದಿಯನ್ನು ಪ್ರಕಟಿಸಿತು. ಎರಡು ವರ್ಷದ ನಂತರ ಬದುಕಿದ್ದವರು ಶೇಕಡಾ 21. ಮೂರು ವರ್ಷದ ನಂತರವೂ ಅದೇ 21. ಹೋಲಿಕೆಗೆ ತೆಗೆದುಕೊಂಡ ಹಿಂದಿನ ರೋಗಿಗಳಲ್ಲಿ ಈ ಅಂಕಿ ಎರಡನೇ ವರ್ಷ 14, ಮೂರನೇ ವರ್ಷ 4. ಆ ಹುಡುಗಿ ಬದುಕಿದ್ದಳು.

ಇನ್ನೊಂದು ಅಂಕಿಯನ್ನೂ ಹೇಳಲೇಬೇಕು. ಅರ್ಧದಷ್ಟು ರೋಗಿಗಳು ತೀರಿಕೊಳ್ಳುವ ಹೊತ್ತಿಗೆ ಆದ ಸಮಯ 12.5 ತಿಂಗಳು. ಹಳೆಯ ರೋಗಿಗಳಲ್ಲಿ ಅದು 11.3. ವ್ಯತ್ಯಾಸ ಒಂದು ತಿಂಗಳ ಆಸುಪಾಸು ಅಷ್ಟೇ. ಹೆಚ್ಚಿನವರಿಗೆ ಈ ಚಿಕಿತ್ಸೆ ನಾಟಲಿಲ್ಲ. ಹೋಲಿಕೆಯ ಗುಂಪು ಕೂಡ ಹಳೆಯ ದಾಖಲೆಗಳಿಂದ ಆರಿಸಿದ್ದು, ಚೀಟಿ ಎತ್ತಿ ಹಂಚಿದ್ದಲ್ಲ. ಡೋಸ್ ಹೆಚ್ಚಿದಾಗ ಮಿದುಳಲ್ಲಿ ಊತ ಜಾಸ್ತಿಯಾಗಿ, ಡೋಸ್ ಇಳಿಸಬೇಕಾಯಿತು. ‘ಪೋಲಿಯೋದಿಂದ ಕ್ಯಾನ್ಸರ್ ಮಾಯ’ ಎಂಬ ಫಾರ್ವರ್ಡ್ ಬಂದರೆ ದಯವಿಟ್ಟು ಇದನ್ನೆಲ್ಲ ನೆನಪಿಟ್ಟುಕೊಳ್ಳಿ. ಮಕ್ಕಳಿಗೆ ಹಾಕಿಸುವ ಹನಿ ಪೋಲಿಯೋ ತಡೆಯುವುದಕ್ಕೆ. ಅದು ಕ್ಯಾನ್ಸರ್ ಔಷಧ ಅಲ್ಲ.

ಉಳಿದುಕೊಂಡವರಲ್ಲಿ ನಡೆದದ್ದಾದರೂ ಏನು? ವೈರಸ್ ಎಲ್ಲ ಕ್ಯಾನ್ಸರ್ ಕೋಶಗಳನ್ನೂ ತಿಂದು ಮುಗಿಸಿತು ಎಂದು ಈಗ ಯಾರೂ ನಂಬುವುದಿಲ್ಲ. ಅದು ಗಂಟೆ ಬಾರಿಸುತ್ತದೆ. ದೇಹದ ರಕ್ಷಣಾ ಪಡೆಯ ಕಣ್ಣಿಗೆ ಬೀಳದೆ ಕೂತಿದ್ದ ಗಡ್ಡೆಯೊಳಗೆ ಸೋಂಕಿನ ಗಲಾಟೆ ಎಬ್ಬಿಸಿ, ಆ ಪಡೆಯ ಸೈನಿಕರಾದ ಟಿ ಕೋಶಗಳನ್ನು ಅಲ್ಲಿಗೆ ಕರೆಸುತ್ತದೆ. ಗ್ರೊಮೆಯರ್ ತಂಡ ಇಲಿಗಳಲ್ಲಿ ಮಾಡಿದ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಮೊದಲೇ ಪೋಲಿಯೋ ಲಸಿಕೆ ಹಾಕಿದ್ದರೆ, ಅದರ ನೆನಪು ಇಟ್ಟುಕೊಂಡ ಟಿ ಕೋಶಗಳು ಗಡ್ಡೆಗೆ ಬಂದು ಈ ಹೋರಾಟಕ್ಕೆ ಬಲ ಕೊಡುತ್ತವೆ. ಲಸಿಕೆ ಚಿಕಿತ್ಸೆಗೆ ಅಡ್ಡಿ ಆಗಬಹುದು ಎಂಬ ಅಳುಕು ಇದ್ದ ಕಡೆ ಅದೇ ಸಹಾಯಕ್ಕೆ ಬಂದ ಹಾಗಾಯಿತು.

2021ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಮೆಲನೋಮಾದಂಥ ಕ್ಯಾನ್ಸರ್‌ಗಳಲ್ಲಿ ಡಿಎನ್‌ಎ ತಪ್ಪುಗಳು ಜಾಸ್ತಿ ಇದ್ದಷ್ಟೂ ರಕ್ಷಣಾ ಪಡೆಗೆ ಗಡ್ಡೆಯ ಗುರುತು ಸುಲಭ, ಚಿಕಿತ್ಸೆ ಚೆನ್ನಾಗಿ ನಾಟುತ್ತದೆ. ಮರಳಿ ಬಂದ ಗ್ಲಿಯೋಬ್ಲಾಸ್ಟೋಮಾದಲ್ಲಿ ಇದು ತಿರುಗುಮುರುಗು. ಡಿಎನ್‌ಎ ತಪ್ಪುಗಳು ತೀರಾ ಕಡಿಮೆ ಇದ್ದ ಗಡ್ಡೆಗಳ ರೋಗಿಗಳೇ ಪೋಲಿಯೋ ಚಿಕಿತ್ಸೆಯ ನಂತರ ಹೆಚ್ಚು ಕಾಲ ಬದುಕಿದ್ದರು. ಆ ಗಡ್ಡೆಗಳಲ್ಲಿ ಮೊದಲೇ ಉರಿಯೂತದ ಲಕ್ಷಣ ಜಾಸ್ತಿ ಕಂಡಿತ್ತು. ಮಿದುಳಿನಲ್ಲಿ ಮಾತ್ರ ಲೆಕ್ಕ ಯಾಕೆ ಹೀಗೆ ತಲೆಕೆಳಗು? ನಳಿಕೆ ಹಾಕುವ ಮೊದಲೇ ಬದುಕುಳಿದ ಆ ಶೇಕಡಾ 21ರೊಳಗೆ ಬರುವವರು ಯಾರು ಅಂತ ಹೇಳಬೇಕಾದರೆ ಇದಕ್ಕೆ ಉತ್ತರ ಬೇಕು.