3.3 ವೋಲ್ಟ್ ಮಂಡಲಕ್ಕೆ ಸೀರಿಯಲ್ ಚಿಪ್ ಆರಿಸುವುದು

1960ರಲ್ಲಿ ಅಮೆರಿಕದಲ್ಲಿ ಮೊದಲು ಜಾರಿಗೆ ಬಂದ, ಉಪಕರಣಗಳ ನಡುವೆ ಒಂದೊಂದೇ ಬಿಟ್‌ನಂತೆ ದತ್ತಾಂಶ ಸಾಗಿಸುವ ಸೀರಿಯಲ್ ಸಂಪರ್ಕದ ಆರ್‌ಎಸ್-232 ಮಾನಕವು ಮನೆಯ ಕಂಪ್ಯೂಟರ್‌ಗಳಿಂದ ಬಹುತೇಕ ಮರೆಯಾಗಿದ್ದರೂ ತೂಕದ ಯಂತ್ರಗಳಲ್ಲಿ, ಕಾರ್ಖಾನೆಯ ನಿಯಂತ್ರಕಗಳಲ್ಲಿ, ಪ್ರಯೋಗಾಲಯದ ಉಪಕರಣಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದರ ಪ್ರಕಾರ ಸಂಕೇತ ಕಳಿಸುವ ಡ್ರೈವರ್ ತಂತಿಯ ಮೇಲೆ ಕನಿಷ್ಠ +5 ಅಥವಾ -5 ವೋಲ್ಟ್ ಒದಗಿಸಬೇಕು. ಆ ಸಂಕೇತ 3 ವೋಲ್ಟ್‌ಗೆ ಕುಗ್ಗಿ ತಲುಪಿದರೂ ರಿಸೀವರ್ ಅದನ್ನು ಗುರುತಿಸಬೇಕು. ಆದರೆ ಉಪಕರಣಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್‌ಗಳಾದ ಇಂದಿನ ಮೈಕ್ರೋಕಂಟ್ರೋಲರ್‌ಗಳು ಹೆಚ್ಚಾಗಿ ನಡೆಯುವುದು 3.3 ವೋಲ್ಟ್‌ನಲ್ಲಿ, ಮತ್ತು ಅಂತಹ ಮಂಡಲದಲ್ಲಿ ಋಣ ವೋಲ್ಟೇಜ್ ಎಂಬುದೇ ಇರುವುದಿಲ್ಲ.

1987ರಲ್ಲಿ ಬಂದ ಮ್ಯಾಕ್ಸಿಮ್ ಕಂಪನಿಯ ಮ್ಯಾಕ್ಸ್232 ಚಿಪ್ ಈ ಕೊರತೆಗೆ ಜಾಣ ಉಪಾಯ ಹೂಡಿತು. ವಿದ್ಯುದಾವೇಶ ಕೂಡಿಡುವ ಕೆಪಾಸಿಟರ್ ಒಂದನ್ನು 5 ವೋಲ್ಟ್‌ಗೆ ತುಂಬಿಸಿ, ಒಳಗಿನ ಸ್ವಿಚ್‌ಗಳ ಮೂಲಕ ಅದನ್ನು ಪೂರೈಕೆಯ ಮೇಲೆ ಪೇರಿಸಿದರೆ ಸುಮಾರು 10 ವೋಲ್ಟ್ ದೊರೆಯುತ್ತದೆ. ಅದನ್ನೇ ಇನ್ನೊಂದು ಕೆಪಾಸಿಟರ್‌ನಲ್ಲಿ ತುಂಬಿ ತಿರುಗಿಸಿದರೆ ಸುಮಾರು -10. ಇದೇ ಚಾರ್ಜ್ ಪಂಪ್.

ಈ ಹಳೆಯ ಚಿಪ್ಪನ್ನು 3.3 ವೋಲ್ಟ್‌ಗೆ ಜೋಡಿಸಿದರೆ ಲೆಕ್ಕದಲ್ಲಿ 6.6 ವೋಲ್ಟ್ ಬರಬೇಕಾದರೂ, ಪಂಪ್ ಮತ್ತು ಡ್ರೈವರ್‌ಗಳಲ್ಲಿ ಆಗುವ ನಷ್ಟದಿಂದ 5 ವೋಲ್ಟ್ ಉಳಿಯುವ ಖಾತರಿಯಿಲ್ಲ. ದುರದೃಷ್ಟವೆಂದರೆ, ಮೇಜಿನ ಮೇಲೆ ಒಂದು ಮೀಟರ್ ಕೇಬಲ್‌ನಲ್ಲಿ ಅದು ಸರಿಯಾಗಿಯೇ ನಡೆದು, ಈ ದೋಷ ಕಣ್ಣಿಗೆ ಬೀಳದೇ ಹೋಗಬಹುದು. ಅದನ್ನು 5 ವೋಲ್ಟ್‌ನಲ್ಲೇ ನಡೆಸಿದರೆ ಬೇರೆ ಅಪಾಯ: ಅದರ ರಿಸೀವರ್ ಹೊರಹಾಕುವ 5 ವೋಲ್ಟ್, ತಡೆದುಕೊಳ್ಳಲಾರದ ಮೈಕ್ರೋಕಂಟ್ರೋಲರ್‌ನ ಪಿನ್ನನ್ನು ಸುಡಬಹುದು.

ಮ್ಯಾಕ್ಸ್3232 ಬಗೆಯ ಚಿಪ್‌ಗಳನ್ನು ರೂಪಿಸಿರುವುದೇ 3ರಿಂದ 5.5 ವೋಲ್ಟ್ ಪೂರೈಕೆಗಾಗಿ. ಅದರ ಡೇಟಾಶೀಟ್ (ತಯಾರಕರ ವಿವರಪತ್ರ) 3 ಕಿಲೋಓಮ್ ಹೊರೆಯಲ್ಲಿ 5.4 ವೋಲ್ಟ್ ಸಾಮಾನ್ಯ, 5 ವೋಲ್ಟ್ ಕನಿಷ್ಠ ಎನ್ನುತ್ತದೆ. ನಂಬಬೇಕಾದದ್ದು ಎರಡನೆಯ ಅಂಕಿಯನ್ನು, ಮೊದಲನೆಯದು ಖಾತರಿಯಲ್ಲ. ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗಿಳಿದರೆ ಆ ಕನಿಷ್ಠವೂ ಅನ್ವಯಿಸದು. ಕೆಪಾಸಿಟರ್‌ಗಳ ವಿಷಯದಲ್ಲೂ ಉಡಾಫೆ ಸಲ್ಲದು: 3.3 ವೋಲ್ಟ್‌ಗೆ 0.1 ಮೈಕ್ರೋಫ್ಯಾರಡ್ ಸಾಕು, ಆದರೆ ಅತಿ ಚಿಕ್ಕ ಸೆರಾಮಿಕ್ ಕೆಪಾಸಿಟರ್‌ಗಳು ತಮ್ಮ ಮೇಲೆ ವೋಲ್ಟೇಜ್ ಹೇರಿದೊಡನೆ ತಮ್ಮ ಸಾಮರ್ಥ್ಯದ ಒಂದು ಭಾಗವನ್ನು ಕಳೆದುಕೊಳ್ಳುತ್ತವೆ.

ಹೊರಗಿನ ಕನೆಕ್ಟರ್‌ಗೆ ಸೇರುವ ಚಿಪ್‌ನಲ್ಲಿ ಸ್ಥಿರವಿದ್ಯುತ್ ರಕ್ಷಣೆ ಇರಬೇಕು. ಹೆಸರಿನ ಕೊನೆಯ ‘ಇ’ ಅಕ್ಷರ ಸೂಚಿಸುವ 15 ಕಿಲೋವೋಲ್ಟ್ ರಕ್ಷಣೆಗೆ ಕೊಡುವ ಹೆಚ್ಚುವರಿ ಬೆಲೆ ದುಂದಲ್ಲ. ಮಾರುಕಟ್ಟೆಯಲ್ಲಿ ಇವುಗಳ ನಕಲಿಗಳೂ ಇರುವುದರಿಂದ ಅಧಿಕೃತ ವಿತರಕರಿಂದ ಕೊಳ್ಳುವುದು ಕ್ಷೇಮ.

ಕೇಬಲ್ ನೂರಾರು ಮೀಟರ್ ಹೋಗಬೇಕಾದಲ್ಲಿ ಆರ್‌ಎಸ್-232 ಅನ್ನೇ ಬಿಡಬೇಕು. ಎರಡು ತಂತಿಗಳ ನಡುವಿನ 200 ಮಿಲಿವೋಲ್ಟ್ ವ್ಯತ್ಯಾಸದಿಂದಲೇ ಸಂಕೇತ ಓದುವ ಆರ್‌ಎಸ್-485ಗೆ ಋಣ ವೋಲ್ಟೇಜ್ ಬೇಕಿಲ್ಲ. ಮ್ಯಾಕ್ಸ್3485ನಂತಹ ಚಿಪ್‌ಗಳು ನೇರವಾಗಿ 3.3 ವೋಲ್ಟ್‌ನಲ್ಲೇ ನಡೆಯುತ್ತವೆ.