ಪ್ರೊಫೆಸರ್ ಬೊರೊಡಿನ್‌ಗೆ ಸಂಗೀತಕ್ಕೆ ಟೈಮ್ ಎಲ್ಲಿಂದ ಸಿಗುತ್ತಿತ್ತು?

ಪ್ರಶ್ನೆ: ರಷ್ಯಾದ ಅಲೆಕ್ಸಾಂಡರ್ ಬೊರೊಡಿನ್ ಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದರಂತೆ, ಸಿಂಫನಿಗಳನ್ನೂ (ದೊಡ್ಡ ವಾದ್ಯವೃಂದಕ್ಕೆ ಬರೆಯುವ ಸಂಗೀತ) ಬರೆದರಂತೆ. ಎರಡಕ್ಕೂ ಸಮಯ ಹೇಗೆ ಹೊಂದಿಸುತ್ತಿದ್ದರು?

ಉತ್ತರ: ನಿಜ ಹೇಳಬೇಕೆಂದರೆ, ಹೊಂದಿಸಲು ಆಗಲೇ ಇಲ್ಲ. ಹುಷಾರಿಲ್ಲದೆ ಮನೆಯಲ್ಲಿ ಉಳಿದಾಗ, ಇಲ್ಲವೇ ಬೇಸಿಗೆ ರಜೆಯಲ್ಲಿ ಬರೆದದ್ದೇ ಜಾಸ್ತಿ. ಸಂಗೀತದ ಗೆಳೆಯರು ನನಗೆ ಕಾಯಿಲೆ ಬರಲಿ ಎಂದು ಹಾರೈಸುತ್ತಾರೆ ಅಂತ ಅವರೇ ಒಂದು ಪತ್ರದಲ್ಲಿ ಬರೆದುಕೊಂಡಿದ್ದಾರೆ.

ಬೊರೊಡಿನ್ ಹುಟ್ಟಿದ್ದು 1833ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಜಾರ್ಜಿಯಾ ಮೂಲದ ಕುಲೀನ ಮನೆತನದವರು. ತಾಯಿಯನ್ನು ಅವರು ಮದುವೆಯಾಗಿರಲಿಲ್ಲ. ಹಾಗಾಗಿ ಮಗುವನ್ನು ಪೊರ್ಫಿರಿ ಬೊರೊಡಿನ್ ಎಂಬ ಜೀತದಾಳಿನ ಮಗ ಅಂತ ದಾಖಲೆಯಲ್ಲಿ ಬರೆಸಿದರು. ಸಾಕಿ ಓದಿಸಿದ್ದು ಹೆತ್ತ ತಾಯಿಯೇ. ಆದರೆ ಹುಡುಗ ಅವಳನ್ನು ಚಿಕ್ಕಮ್ಮ ಎಂದೇ ಕರೆಯಬೇಕಿತ್ತು.

1850ರಲ್ಲಿ ಮೆಡಿಕಲ್ ಓದಲು ಸೇರಿದರು. ಅಲ್ಲಿ ಕೆಮಿಸ್ಟ್ರಿ ಕಲಿಸಿದ ಜಿನಿನ್ ಅವರಿಗೆ ಈ ಶಿಷ್ಯನೇ ತನ್ನ ಜಾಗಕ್ಕೆ ಬರಬೇಕು ಎಂಬ ಆಸೆ. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನಾವು ಹೇಳುತ್ತೇವಲ್ಲ, ಜಿನಿನ್ ಅದನ್ನೇ ಎರಡು ಮೊಲಗಳ ಬೆನ್ನು ಹತ್ತಬೇಡ ಎಂದರು. ಶಿಷ್ಯ ಎರಡನ್ನೂ ಬಿಡಲಿಲ್ಲ. 1862ರಲ್ಲಿ ಸಂಗೀತ ರಚನೆಕಾರ ಬಾಲಕಿರೆವ್ ಪರಿಚಯವಾಗಿ ಸಂಗೀತದ ಗೆಳೆಯರ ಗುಂಪು ಸಿಕ್ಕಿತು, 1864ರಲ್ಲಿ ಓದಿದ ಕಡೆಯೇ ಪ್ರೊಫೆಸರ್ ಆದರು.

ಸುಮ್ನೆ ಹೆಸರಿಗೆ ಪ್ರೊಫೆಸರ್ ಆಗಿದ್ದವರಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಆಲ್ಡಾಲ್ ಕ್ರಿಯೆ ನೆನಪಿರಬಹುದು. ಆಲ್ಡಿಹೈಡ್ ಎಂಬ ಇಂಗಾಲದ ಸಂಯುಕ್ತದ ಎರಡು ಅಣುಗಳು ಬೆಸೆದುಕೊಂಡು ಒಂದು ದೊಡ್ಡ ಅಣುವಾಗುವ ಕ್ರಿಯೆ ಅದು. 1872ರಲ್ಲಿ ಫ್ರಾನ್ಸ್‌ನ ಕೆಮಿಸ್ಟ್ ವುರ್ಟ್ಸ್ ಅದನ್ನು ಪ್ರಕಟಿಸಿದರು. ಅದೇ ಹೊತ್ತಿಗೆ ಬೊರೊಡಿನ್ ಕೂಡ ತಮ್ಮ ಪಾಡಿಗೆ ಅಲ್ಲಿಗೇ ತಲುಪಿದ್ದರು. ಅದೇ ವರ್ಷ ಪೀಟರ್ಸ್‌ಬರ್ಗ್‌ನಲ್ಲಿ ಹೆಣ್ಣುಮಕ್ಕಳಿಗೆ ಮೆಡಿಕಲ್ ಕೋರ್ಸ್ ಶುರುವಾಯಿತು. ಅಲ್ಲಿ ಪಾಠ ಮಾಡುವುದನ್ನೂ ಮೈಮೇಲೆ ಹಾಕಿಕೊಂಡರು. ಅವರ ಸಿಂಫನಿಗಳಷ್ಟೇ ಈ ಕೆಲಸವೂ ನನಗೆ ದೊಡ್ಡದಾಗಿ ಕಾಣುತ್ತದೆ.

ಮನೆ ಇದ್ದದ್ದು ಲ್ಯಾಬ್ ಪಕ್ಕದಲ್ಲೇ. ಮಾತಿನ ನಡುವೆಯೇ ಎದ್ದು, ಒಲೆಯ ಮೇಲಿಟ್ಟದ್ದು ಏನಾಯಿತೋ ಅಂತ ಲ್ಯಾಬಿಗೆ ಓಡುತ್ತಿದ್ದರಂತೆ. ಸಂಗೀತ ರಚನೆಕಾರ ಗೆಳೆಯ ರಿಮ್‌ಸ್ಕಿ-ಕೊರ್ಸಕೊವ್ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಮನೆ ತುಂಬ ನೆಂಟರು, ಊಟದ ಮೇಜಿನ ಮೇಲೆ ಬೆಕ್ಕುಗಳ ಓಡಾಟ. 1879ರ ಒಂದು ಕಛೇರಿಗೆ ಬೊರೊಡಿನ್ ಬರೆಯುತ್ತಿದ್ದ 'ಪ್ರಿನ್ಸ್ ಇಗೊರ್' ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಕುಣಿತದ ಭಾಗ ಬೇಕಿತ್ತು. ದಿನ ಹತ್ತಿರ ಬಂದರೂ ಬರೆದು ಮುಗಿದಿರಲಿಲ್ಲ. ಕೊನೆಗೆ ಗೆಳೆಯರೆಲ್ಲ ರಾತ್ರಿ ಕೂತು ಪೆನ್ಸಿಲಲ್ಲಿ ಬರೆದರು. ಅಳಿಸಿಹೋಗದಿರಲಿ ಅಂತ ಬೊರೊಡಿನ್ ಹಾಳೆಗಳಿಗೆ ಜಿಲಾಟಿನ್ ಸವರಿದರು. ಆಮೇಲೆ, ಒಗೆದ ಬಟ್ಟೆ ಒಣಗಿಸುವ ಹಾಗೆ, ಒಂದೊಂದನ್ನೇ ಹಗ್ಗಕ್ಕೆ ನೇತುಹಾಕಿದರು.

1869ರಲ್ಲಿ ಶುರುವಾದ ಆ ಒಪೆರಾ ಕೊನೆಗೂ ಅವರ ಕೈಯಲ್ಲಿ ಮುಗಿಯಲಿಲ್ಲ. 1887ರ ಫೆಬ್ರುವರಿಯಲ್ಲಿ ಒಂದು ಪಾರ್ಟಿಯಲ್ಲಿ, ನಗುನಗುತ್ತ ಮಾತಾಡುತ್ತಿದ್ದವರು ಹಾಗೆಯೇ ಕುಸಿದು ಬಿದ್ದು ತೀರಿಕೊಂಡರು. 53 ವರ್ಷ ಅಷ್ಟೇ. ಉಳಿದದ್ದನ್ನು ರಿಮ್‌ಸ್ಕಿ-ಕೊರ್ಸಕೊವ್ ಮತ್ತು ಇನ್ನೊಬ್ಬ ರಚನೆಕಾರ ಗ್ಲಾಜುನೊವ್ ಪೂರ್ತಿ ಮಾಡಿದರು. 1890ರಲ್ಲಿ ಒಪೆರಾ ರಂಗಕ್ಕೆ ಬಂತು.

ಮೊದಲು ಯಾವುದನ್ನು ಕೇಳಲಿ ಎನ್ನುವವರಿಗೆ ನಾನು ಹೇಳುವುದು ಅವರ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿ. 1861ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಪರಿಚಯವಾದ ಪಿಯಾನೋ ಕಲಾವಿದೆ ಎಕತೆರಿನಾ ಮುಂದೆ ಅವರ ಹೆಂಡತಿಯಾದರು. ಇಪ್ಪತ್ತು ವರ್ಷದ ನಂತರ, 1881ರ ಬೇಸಿಗೆ ರಜೆಯಲ್ಲಿ, ಅವರಿಗಾಗಿ ಬರೆದದ್ದು ಇದು. ಇದಕ್ಕೆ ಮಾತ್ರ ಹೆಚ್ಚು ದಿನ ಹಿಡಿಯಲಿಲ್ಲ. ಮೂರನೇ ಭಾಗದಿಂದಲೇ ಶುರುಮಾಡಿ. ಮೊದಲು ಹಾಡುವುದು ಚೆಲ್ಲೋ, ವಯೊಲಿನ್ ಜಾತಿಯದೇ ಆದ, ಬೊರೊಡಿನ್ ತಾವೇ ನುಡಿಸುತ್ತಿದ್ದ ದೊಡ್ಡ ವಾದ್ಯ. ಆಮೇಲೆ ಅದೇ ರಾಗವನ್ನು ವಯೊಲಿನ್ ಎತ್ತಿಕೊಳ್ಳುತ್ತದೆ.