ಅಂಡರ್‌ಸ್ಕೋರ್ ಕ್ಲಾಸ್ ಒಳಗೆ ನಲ್ ಯಾಕೆ ಬಂತು? ಜೆಪಿಎ ಮೆಟಾಮಾಡೆಲ್ ಟಿಪ್ಪಣಿ

ಜೆಪಿಎ ಅಂದ್ರೆ ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸಿಗೆ ಜೋಡಿಸುವ ಸ್ಟ್ಯಾಂಡರ್ಡ್. ಅದರ ಕ್ರೈಟೀರಿಯಾ ಕ್ವೆರಿ (ಜಾವಾ ಕೋಡಿನಲ್ಲೇ ಕಟ್ಟುವ ಕ್ವೆರಿ) ಬರೆಯೋದು ನಿಮಗೆ ಗೊತ್ತು ಅಂದುಕೊಂಡು ಶುರು ಮಾಡುತ್ತೇನೆ.

ರೂಟ್.ಗೆಟ್("ಪ್ರೈಸ್") ಅಂತ ಬರೆದರೆ ಕಂಪೈಲರ್‌ಗೆ ಅದು ಬರೀ ಸ್ಟ್ರಿಂಗ್. ಒಂದಕ್ಷರ ತಪ್ಪಾದರೂ ಕಂಪೈಲ್ ಆಗುತ್ತದೆ, ಓಡಿಸಿದಾಗ ಎಕ್ಸೆಪ್ಶನ್ ಬರುತ್ತದೆ. ರೂಟ್.ಗೆಟ್(ಬುಕ್_.ಪ್ರೈಸ್) ಅಂತ ಬರೆದರೆ ತಪ್ಪು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ. 2009ರ ಜೆಪಿಎ 2.0ದಿಂದಲೂ ಈ ಸೌಲಭ್ಯ ಇದೆ. ಬುಕ್ ಎಂಟಿಟಿ (ಡೇಟಾಬೇಸ್ ಟೇಬಲ್ಲಿಗೆ ಜೋಡಿಸಿದ ಜಾವಾ ಕ್ಲಾಸ್) ಇರುವ ಪ್ಯಾಕೇಜಿನಲ್ಲೇ ಅನೋಟೇಶನ್ ಪ್ರೊಸೆಸರ್ (ಕಂಪೈಲ್ ಹೊತ್ತಿನಲ್ಲಿ ಕೋಡ್ ಬರೆಯುವ ಉಪಕರಣ) ಬುಕ್_ ಅನ್ನೋ ಮೆಟಾಮಾಡೆಲ್ ಕ್ಲಾಸನ್ನು, ಅಂದ್ರೆ ಎಂಟಿಟಿಯ ಫೀಲ್ಡುಗಳನ್ನು ವಿವರಿಸುವ ಕ್ಲಾಸನ್ನು, ಬರೆದಿಡುತ್ತದೆ. ಪ್ರೈಸ್‌ನ ಟೈಪ್ ಸಿಂಗ್ಯುಲರ್‌ಆಟ್ರಿಬ್ಯೂಟ್<ಬುಕ್, ಇಂಟಿಜರ್>. ಮೊದಲನೆಯದು ಯಾರ ಫೀಲ್ಡ್, ಎರಡನೆಯದು ಅದರೊಳಗೆ ಏನಿದೆ. ಹಾಗಾಗಿ ಬೆಲೆಯನ್ನು ಸ್ಟ್ರಿಂಗ್ ಜೊತೆ ಹೋಲಿಸಲು ಹೋದರೆ ಗ್ರೇಟರ್‌ದ್ಯಾನ್ ಸಾಲಿನಲ್ಲೇ ಕೆಂಪು ಗೆರೆ.

ಇಷ್ಟು ಸುಲಭವಾಗಿ ಹತ್ತಿತು. ನಾನು ಸಿಕ್ಕಿಹಾಕಿಕೊಂಡಿದ್ದು ಮುಂದೆ.

ಡೇಟಾಬೇಸ್ ಯಾಕೆ ಸುಮ್ನೆ ಅಂತ ಎಂಟಿಟಿ ಮ್ಯಾನೇಜರನ್ನು (ಡೇಟಾಬೇಸ್ ಜೊತೆ ವ್ಯವಹರಿಸುವ ಆಬ್ಜೆಕ್ಟ್) ಮಾಕ್ ಮಾಡಿ, ಅಂದ್ರೆ ಅದರ ಜಾಗದಲ್ಲಿ ನಕಲಿ ಇಟ್ಟು, ಯೂನಿಟ್ ಟೆಸ್ಟ್ ಬರೆದೆ. ಬುಕ್_.ಪ್ರೈಸ್.ಗೆಟ್‌ನೇಮ್() ಸಾಲಿನಲ್ಲಿ ನಲ್ ಪಾಯಿಂಟರ್! ಕ್ಲಾಸ್ ಇದೆ, ಫೀಲ್ಡ್ ಇದೆ, ಕಂಪೈಲೂ ಆಗಿದೆ. ಮತ್ತೆ ನಲ್ ಎಲ್ಲಿಂದ? ಜನರೇಟ್ ಆದ ಫೈಲನ್ನೇ ತೆರೆದು ನೋಡಿದೆ. ಪಬ್ಲಿಕ್ ಸ್ಟ್ಯಾಟಿಕ್ ವೊಲಟೈಲ್, ಟೈಪ್, ಹೆಸರು, ಸೆಮಿಕೋಲನ್. ಸಮ ಚಿಹ್ನೆಯೇ ಇಲ್ಲ! ಅಂದ್ರೆ ಪ್ರೊಸೆಸರ್ ಫೀಲ್ಡನ್ನು ಘೋಷಿಸಿ ಬಿಟ್ಟಿದೆ, ಮೌಲ್ಯ ತುಂಬಿಲ್ಲ. ತುಂಬುವುದು ಹೈಬರ್ನೇಟ್‌ನಂಥ ಪ್ರೊವೈಡರ್ (ಜೆಪಿಎಯನ್ನು ಜಾರಿಗೊಳಿಸುವ ಲೈಬ್ರರಿ), ಅದೂ ಎಂಟಿಟಿ ಮ್ಯಾನೇಜರ್ ಫ್ಯಾಕ್ಟರಿ ಕಟ್ಟುವಾಗ. ನನ್ನ ಟೆಸ್ಟಿನಲ್ಲಿ ಫ್ಯಾಕ್ಟರಿಯೇ ಇರಲಿಲ್ಲ ಅಲ್ವಾ, ತುಂಬೋರು ಯಾರು? ಫೀಲ್ಡ್ ಫೈನಲ್ ಆಗಿಲ್ಲದಿರುವುದೂ ಇದಕ್ಕೇ: ಆಮೇಲೆ ಮೌಲ್ಯ ಹಾಕಬೇಕಲ್ಲ. ಟೈಪ್ ಸಿಗುವುದು ಕಂಪೈಲ್ ಆಗುವಾಗ, ಆಬ್ಜೆಕ್ಟ್ ಸಿಗುವುದು ಫ್ಯಾಕ್ಟರಿ ಎದ್ದ ಮೇಲೆ. ಇವೆರಡು ಬೇರೆ ಬೇರೆ ಹೊತ್ತು ಅನ್ನೋದು ತಲೆಗೆ ಹೋಗಲು ನನಗೆ ಒಂದು ಸಂಜೆ ಬೇಕಾಯಿತು. ಟೆಸ್ಟಿಗೆ ಇನ್‌ಮೆಮೊರಿ ಡೇಟಾಬೇಸ್ ಕೊಟ್ಟು ಫ್ಯಾಕ್ಟರಿ ಕಟ್ಟಿದೆ, ಸರಿಹೋಯಿತು.

ಬರೀ ಹೆಸರು ಸಾಕಿದ್ದರೆ ಇನ್ನೂ ಸುಲಭದ ದಾರಿ ಇದೆ, ನನಗಂತೂ ತುಂಬಾ ಇಷ್ಟ. ಹೈಬರ್ನೇಟ್‌ನ ಪ್ರೊಸೆಸರ್ ಅದೇ ಕ್ಲಾಸಿನಲ್ಲಿ ದೊಡ್ಡಕ್ಷರದ ಸ್ಟ್ರಿಂಗ್ ಕಾನ್‌ಸ್ಟೆಂಟುಗಳನ್ನೂ ಬರೆಯುತ್ತದೆ. ಅವು ಸ್ಟ್ಯಾಟಿಕ್ ಫೈನಲ್, ಮೌಲ್ಯ ಅಲ್ಲೇ ಇರುತ್ತದೆ, ಆದ್ದರಿಂದ ಫ್ಯಾಕ್ಟರಿ ಇಲ್ಲದೆಯೂ ನಲ್ ಆಗುವುದಿಲ್ಲ. ಸಾರ್ಟ್ ಮಾಡುವ ಕಡೆ ನಾನು ಅದನ್ನೇ ಬಳಸುತ್ತೇನೆ.

ಬುಕ್_ ಹುಟ್ಟಲೇ ಇಲ್ಲ ಅಂದ್ರೆ ಮೇವೆನ್ (ಬಿಲ್ಡ್ ಉಪಕರಣ) ಫೈಲ್ ನೋಡಿ. ಅನೋಟೇಶನ್ ಪ್ರೊಸೆಸರ್ ಪಾತ್ಸ್‌ನಲ್ಲಿ ಲೊಂಬೊಕ್ (ಇನ್ನೊಂದು ಅನೋಟೇಶನ್ ಪ್ರೊಸೆಸರ್) ಒಂದನ್ನೇ ಬರೆದಿದ್ದರೆ ಕ್ಲಾಸ್‌ಪಾತ್‌ನಲ್ಲಿರುವ ಉಳಿದ ಪ್ರೊಸೆಸರುಗಳನ್ನು ಕಂಪೈಲರ್ ಹುಡುಕುವುದೇ ಇಲ್ಲ. ಲೊಂಬೊಕ್, ಹೈಬರ್ನೇಟ್‌ನ ಪ್ರೊಸೆಸರ್ ಎರಡನ್ನೂ ಅಲ್ಲೇ ಬರೆಯಿರಿ.